ಕಾರ್ಡಿನಲ್ಲಿ ಉಳಿದ ಡಾಲರು ಮತ್ತು ಅಜ್ಜನ ಹುಂಡಿ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಕಿತ್ತೂರಿನ ಪಾಠ ಮಾಡುವಾಗ ನಾನು ಯುದ್ಧಕ್ಕಿಂತ ಖಜಾನೆಯ ಬಗೆಗೇ ಹೆಚ್ಚು ಹೊತ್ತು ಮಾತನಾಡುತ್ತಿದ್ದೆ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜನು ತೀರಿಕೊಂಡಾಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಮಾನ್ಯ ಮಾಡದೆ ಭಂಡಾರಕ್ಕೆ ಮೊಹರು ಹಾಕಿಸಿ ಕಾವಲಿರಿಸಿದನು. ಹಣ ಅಲ್ಲಿಯೇ ಇತ್ತು, ಒಡೆಯರೂ ಅಲ್ಲಿಯೇ ಇದ್ದರು, ಆದರೆ ಮುಟ್ಟುವಂತಿರಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಹತನಾದದ್ದು, ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದು, ರಾಣಿ ಚೆನ್ನಮ್ಮ ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿದ್ದು 1829ರಲ್ಲಿ ಕಣ್ಮುಚ್ಚಿದ್ದು ನಿಮಗೆಲ್ಲ ತಿಳಿದ ಸಂಗತಿ.

ಈ ಮಾತು ಮತ್ತೆ ನೆನಪಾದದ್ದು ನನ್ನ ಸ್ವಂತದ ಸಣ್ಣ ಗಂಟೊಂದಕ್ಕೆ ಮೊಹರು ಬಿದ್ದಾಗ. (ರಾಣಿಯ ಭಂಡಾರಕ್ಕೆ ಮಾಸ್ತರನ ಗಂಟನ್ನು ಹೋಲಿಸುವುದು ಅಧಿಕಪ್ರಸಂಗವೇ ಸರಿ, ಕ್ಷಮಿಸಿರಿ.) 2023ರ ಬೇಸಿಗೆಯಲ್ಲಿ ನಾನೂ ನನ್ನ ಮನೆಯವರೂ ಮಗಳನ್ನು ಕಾಣಲು ಅಮೆರಿಕೆಗೆ ಹೋದೆವು. ಹೋಗುವ ಮುನ್ನ ಪಿಂಚಣಿಯ ಉಳಿತಾಯದಿಂದ 1000 ಡಾಲರನ್ನು ಬ್ಯಾಂಕಿನ ಪ್ರಯಾಣದ ಕಾರ್ಡಿಗೆ ತುಂಬಿಸಿದ್ದೆ. ಅಲ್ಲಿ ಅಳಿಯ ನಮಗೆ ಖರ್ಚು ಮಾಡಲು ಬಿಡಲಿಲ್ಲ. ಮರಳಿ ಬಂದಾಗ 612 ಡಾಲರು ಉಳಿದಿತ್ತು. ಅಷ್ಟರಲ್ಲಿ ಮನೆಯವರ ಮೊಣಕಾಲಿನ ನೋವು ಹೆಚ್ಚಾಗಿ, ಧಾರವಾಡದ ವೈದ್ಯರು ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿದರು. ಹಣ ಬೇಕಾಗಿತ್ತು. ಆ ಕಾರ್ಡು ಹೊರದೇಶದಲ್ಲಿ ನಡೆಯುವಂಥದು, ಬೈಲಹೊಂಗಲದ ಎ.ಟಿ.ಎಂ.ನಲ್ಲಿ ತೂರಿಸಿದರೆ ಮಾತೇ ಆಡಲಿಲ್ಲ.

ಇಂಥ ಪ್ರಯಾಣದ ಹಣ ನಮ್ಮ ಸೀಮೆಗೆ ಹೊಸತಲ್ಲ. ನನ್ನ ಅಜ್ಜ ಅರಳೆಯ ವ್ಯಾಪಾರಿ. ಮುಂಬಯಿಗೆ ಹೋಗುವಾಗ ನಾಣ್ಯದ ಚೀಲ ಒಯ್ಯದೆ ಸಾಹುಕಾರರಲ್ಲಿ ಹಣ ಕಟ್ಟಿ ಹುಂಡಿ ಬರೆಸಿಕೊಳ್ಳುತ್ತಿದ್ದರಂತೆ. ತೋರಿಸಿದೊಡನೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಗೊತ್ತಾದ ದಿನ ಕಳೆದ ಮೇಲೆ ಕೊಡುವುದು ಮುದ್ದತಿ ಹುಂಡಿ. ಹುಂಡಿ ಕಳೆದುಹೋದರೆ ಎರಡನೆಯ ಪ್ರತಿ ಬರೆಸಬಹುದಿತ್ತು, ಅದಕ್ಕೆ ಪೇಠ್ ಎನ್ನುತ್ತಿದ್ದರು. ಅದೂ ಹೋದರೆ ಮೂರನೆಯದು ಪರ್‌ಪೇಠ್. ಹಣ ಸಂದಾಯವಾದ ಹುಂಡಿ ಖೋಖಾ. 1881ರಲ್ಲಿ ಬ್ರಿಟಿಷ್ ಸರಕಾರ ಇಂಥ ಪತ್ರಗಳಿಗೆಂದು ಕಾಯಿದೆ ಮಾಡಿದಾಗಲೂ ದೇಶಭಾಷೆಯ ಹುಂಡಿಗಳ ರೂಢಿಯನ್ನು ಮುಟ್ಟದೆ ಬಿಟ್ಟಿತು. ಇಂದು ಹುಂಡಿ ಎಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಕಾಣಿಕೆ ಹಾಕುವ ಪೆಟ್ಟಿಗೆ ಎಂದಷ್ಟೇ ನನ್ನ ಮೊಮ್ಮಕ್ಕಳು ತಿಳಿದಿದ್ದಾರೆ.

ಆ ಕಾಲದಲ್ಲಿ ದೂರದ ದೇಶವೇ ಬೇಕಿರಲಿಲ್ಲ, ಸಂತೆಯಲ್ಲಿಯೇ ಹಣ ಬದಲಾಯಿಸಬೇಕಾಗುತ್ತಿತ್ತು. ವರಹ, ಶಹಾಪುರಿ ರೂಪಾಯಿ, ಬಾಗಲಕೋಟಿ ರೂಪಾಯಿ, ಒಂದೊಂದಕ್ಕೆ ಒಂದೊಂದು ತೂಕ, ಒಂದೊಂದು ಬೆಲೆ. ಸರಾಫನು ಒರೆಹಚ್ಚಿ ನೋಡಿ ವಟ್ಟ ಕಡಿದುಕೊಂಡು ಉಳಿದದ್ದನ್ನು ಎಣಿಸುತ್ತಿದ್ದ. ಕಂಪನಿ ಸರಕಾರ 180 ಗ್ರೇನ್ ತೂಕದ ಒಂದೇ ರೂಪಾಯಿಯನ್ನು 1835ರಲ್ಲಿ ತಂದ ಬಳಿಕ ಸರಾಫರ ಆ ಕಸುಬು ಮೆಲ್ಲನೆ ಇಳಿಯಿತು. ರಾಮದುರ್ಗವು 1948ರವರೆಗೆ ಬೇರೆ ಸಂಸ್ಥಾನವಾಗಿದ್ದರೂ ನನ್ನ ತಾಯಿ ತವರಿಗೆ ಹೋಗುವಾಗ ಬೇರೆ ನಾಣ್ಯ ಕಟ್ಟಿಕೊಂಡು ಹೋಗಬೇಕಾಗಿರಲಿಲ್ಲ. ಇತ್ತ 1880ರಿಂದ ಅಂಚೆಯ ಮನಿ ಆರ್ಡರು ಬಂದು, ಹುಂಡಿ ಬರೆಸುವಷ್ಟು ದೊಡ್ಡವರಲ್ಲದವರಿಗೂ ದಾರಿಯಾಯಿತು. ಅಮೆರಿಕನ್ ಎಕ್ಸ್‌ಪ್ರೆಸ್ಸಿನ ಪ್ರವಾಸಿ ಚೆಕ್ಕು 1891ರದು. ನಾನು ನೌಕರಿ ಸೇರಿದ ಕಾಲದಲ್ಲಿ ವಿದೇಶಕ್ಕೆ ಹೋಗುವವರಿಗೆ ಡಾಲರು ಸಿಗುವುದೇ ದುರ್ಲಭವಾಗಿತ್ತು. 1973ರ ವಿದೇಶಿ ವಿನಿಮಯ ಕಾಯಿದೆ ಹೋಗಿ 2000ದ ಜೂನ್ 1ರಿಂದ ಹೊಸ ಕಾಯಿದೆ ಜಾರಿಗೆ ಬಂದ ಮೇಲೆಯೇ ನನ್ನಂಥವನ ಕೈಗೆ ಇಂಥ ಕಾರ್ಡು ಬರುವಂತಾದದ್ದು.

ಸರಿ, ಕಾರ್ಡಿನ ಕಥೆ. ಬ್ಯಾಂಕಿನ ನಮ್ಮೂರ ಶಾಖೆಯಲ್ಲಿ ಒಬ್ಬರು ಬೆಳಗಾವಿಗೆ ಹೋಗಿರೆಂದರು. ಬೆಳಗಾವಿಯವರು ಕಾರ್ಡು ಎಲ್ಲಿ ಕೊಂಡಿರೋ ಅಲ್ಲಿಗೇ ಹೋಗಿರೆಂದರು. ಎರಡು ಸಲ ಬಸ್ಸು ಹತ್ತಿ ಇಳಿದೆ. ಕೊನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಬೇರೊಂದು ಬ್ಯಾಂಕಿನಲ್ಲಿ ಅಧಿಕಾರಿ, ಫೋನಿನಲ್ಲಿ ಬಿಡಿಸಿ ಹೇಳಿದ: "ಸರ್, ನೀವು ಬಾಯಿಲೆ ಕೇಳಬ್ಯಾಡ್ರಿ. ಕಾರ್ಡಿನ ಹಣ ವಾಪಸ್ ಮಾಡೋ ಅರ್ಜಿ ಅಂತ ಬೇರೇನೇ ಇರ್ತೈತಿ. ಅದನ್ನ ತುಂಬಿ, ಪಾಸ್‌ಪೋರ್ಟು, ಪ್ಯಾನ್ ಕಾರ್ಡಿನ ಝೆರಾಕ್ಸ್ ಹಚ್ಚಿ, ನಿಮ್ಮ ಖಾತೆ ನಂಬರ್ ಬರದು ಕೊಡ್ರಿ. ಕೊಟ್ಟದ್ದಕ್ಕ ಪಾವತಿ ಇಸಗೊಳ್ರಿ." ಗುರುವಿಗೆ ಶಿಷ್ಯ ಪಾಠ ಹೇಳಿದ್ದು ನನಗೆ ಬಹಳ ಸಂತೋಷವನ್ನೇ ತಂದಿತು.

ಅವನೇ ಇನ್ನೊಂದು ಮಾತನ್ನೂ ತಿಳಿಸಿದ. ಮರಳಿ ಬಂದ ಪ್ರಯಾಣಿಕರು ತಮ್ಮಲ್ಲಿ ಉಳಿದ ವಿದೇಶಿ ನೋಟುಗಳನ್ನು 180 ದಿನಗಳೊಳಗೆ ಒಪ್ಪಿಸಬೇಕು, 2000 ಡಾಲರಿನವರೆಗೆ ಮಾತ್ರ ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಬಹುದು. ನನ್ನದು ಅದಕ್ಕಿಂತ ಕಡಿಮೆ, ಹಾಗಾಗಿ ಅಪರಾಧವೇನೂ ಆಗಿರಲಿಲ್ಲ. ಆದರೆ ಹಲವು ಕಾರ್ಡುಗಳಲ್ಲಿ ಬಹುಕಾಲ ಬಳಸದೆ ಬಿಟ್ಟರೆ ಶುಲ್ಕ ಕಡಿಯುತ್ತ ಹೋಗುತ್ತಾರೆ. ನಿಮ್ಮಲ್ಲಿ ಯಾರ ಮನೆಯ ಕಪಾಟಿನಲ್ಲಾದರೂ ಇಂಥದೊಂದು ಬಿದ್ದಿದ್ದರೆ ಇಂದೇ ತೆಗೆದು ನೋಡಿರಿ.

ಕೊಳ್ಳುವಾಗ ಡಾಲರಿಗೆ 84 ರೂಪಾಯಿ ಕೊಟ್ಟಿದ್ದೆ. ಬ್ಯಾಂಕು ಮರಳಿ ಕೊಂಡದ್ದು 81 ರೂಪಾಯಿ 50 ಪೈಸೆಯಂತೆ. 612 ಡಾಲರಿಗೆ 1530 ರೂಪಾಯಿ ಹೋಯಿತು, ಮೇಲೆ ಜಿ.ಎಸ್.ಟಿ. ಸುಮಾರು 90 ರೂಪಾಯಿ. ಮನೆಯವರಿಗೆ ಹೇಳಿದಾಗ "ಸರಾಫರು ಇನ್ನೂ ಅದಾರ ಅನ್ರಿ" ಎಂದು ನಕ್ಕರು. ಶಸ್ತ್ರಚಿಕಿತ್ಸೆಗೆ ನಾಲ್ಕು ದಿನ ಮೊದಲು ಹಣ ಖಾತೆಗೆ ಜಮೆಯಾಯಿತು. ಈಗ ಅವರು ಕೋಲಿಲ್ಲದೆ ಚೆನ್ನಮ್ಮನ ಸಮಾಧಿಯವರೆಗೆ ಸಂಜೆ ನಡೆದು ಬರುತ್ತಾರೆ. ಬ್ಯಾಂಕಿನವರು ಮೂಲೆ ಕತ್ತರಿಸಿ ಮರಳಿಸಿದ ಕಾರ್ಡನ್ನು ನಾನು ಅಜ್ಜನ ಲೆಕ್ಕದ ಪುಸ್ತಕದಲ್ಲಿ, ಅವರ ಒಂದು ಖೋಖಾದ ಪಕ್ಕದಲ್ಲಿ ಇರಿಸಿದ್ದೇನೆ.