ನಡುವಿನ ದರ್ಜೆಯ ತೊಡಕು

ಗರ್ಭಕೊರಳಿನ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಯಾನ್ಸರಿನ ಸುಳಿವು ಸಿಗುತ್ತದೆಂದು ಗ್ರೀಸ್ ಮೂಲದ ಜಾರ್ಜ್ ಪಪನಿಕೊಲಾವ್ 1928ರಲ್ಲಿ ಅಮೆರಿಕದಲ್ಲಿ ಹೇಳಿದಾಗ ವೈದ್ಯಲೋಕ ಅಷ್ಟಾಗಿ ನಂಬಲಿಲ್ಲ. 1941ರ ಬಳಿಕ ಮನ್ನಣೆ ಪಡೆದ ಈ ‘ಪ್ಯಾಪ್’ ಪರೀಕ್ಷೆಯ ಫಲಿತಾಂಶವನ್ನು ಅವರು 5 ದರ್ಜೆಗಳಾಗಿ ವಿಂಗಡಿಸಿದರು. ಮೊದಲನೆಯದು ನಿರಾತಂಕ; ಐದನೆಯದು ಕ್ಯಾನ್ಸರ್.

ತೊಡಕಿದ್ದದ್ದು ನಡುವಿನ ದರ್ಜೆಗಳಲ್ಲಿ. ಒಂದೇ ಅಂಕಿಗೆ ಒಂದೊಂದು ಪ್ರಯೋಗಾಲಯ ಒಂದೊಂದು ಅರ್ಥ ಹಚ್ಚಿತು. ಅರ್ಥ ತಪ್ಪಿದರೆ ಒಬ್ಬಳಿಗೆ ಅನಗತ್ಯ ಶಸ್ತ್ರಕ್ರಿಯೆ, ಇನ್ನೊಬ್ಬಳಿಗೆ ಕೈಮೀರಿದ ಕಾಯಿಲೆ. 1988ರಲ್ಲಿ ಬೆಥೆಸ್ಡಾದಲ್ಲಿ ಸೇರಿದ ತಜ್ಞರು ಅಂಕಿಗಳನ್ನು ಕೈಬಿಟ್ಟು, ಕಂಡದ್ದನ್ನು ಎಲ್ಲರಿಗೂ ಒಂದೇ ಅರ್ಥ ಕೊಡುವ ಪದಗಳಲ್ಲಿ ಬರೆಯುವ ಪದ್ಧತಿ ತಂದರು.

ತೀವ್ರ ಬದಲಾವಣೆ ಕಂಡವರನ್ನು ಕಾಲ್ಪೊಸ್ಕೋಪ್ ತಪಾಸಣೆಗೆ ಕಳುಹಿಸುತ್ತಾರೆ. ಸಂಶಯದ ಅಂಚಿನಲ್ಲಿರುವವರ ದಾರಿಯನ್ನು ಇಂದು ಹೆಚ್ಚಾಗಿ ಎಚ್‌ಪಿವಿ ವೈರಾಣುವಿನ ಪರೀಕ್ಷೆ ನಿರ್ಧರಿಸುತ್ತದೆ.