ಒಂದೇ ಕಾರು, ಹತ್ತಾರು ಹೆಸರು: 'ಮಿನಿ' ಮಿನಿ ಆಗಿದ್ದು ಹೇಗೆ?

(1/3)

ಮೊದಲನೇ ಫೋಟೋ ನೋಡಿ. ಈಗ ಸ್ವೈಪ್ ಮಾಡಿ ಎರಡನೇದು ನೋಡಿ. ಏನು ವ್ಯತ್ಯಾಸ, ಹೇಳಿ ನೋಡೋಣ?

ಗ್ರಿಲ್ ಕಡೆ ಗಮನ ಕೊಡಿ. ಒಂದರಲ್ಲಿ ಅಲೆ ಅಲೆಯಾಗಿರೋ ಅಡ್ಡಪಟ್ಟಿ, ಇನ್ನೊಂದರಲ್ಲಿ ಕಿಟಕಿ ಜಾಲರಿ ಥರ ಅಡ್ಡ-ಉದ್ದ ಕಂಬಿ. ಬಾನೆಟ್ ಮೇಲಿನ ಬ್ಯಾಡ್ಜ್ ಬೇರೆ, ಬಣ್ಣಗಳ ಹೆಸರೂ ಬೇರೆ. ಒಂದು ಕಡೆ 'ಟಾರ್ಟನ್ ರೆಡ್', ಇನ್ನೊಂದು ಕಡೆ 'ಚೆರ್ರಿ ರೆಡ್'. ಹೆಚ್ಚುಕಮ್ಮಿ ಅಷ್ಟೇ! ಅದೇ ಬಾಡಿ, ಅದೇ 848 ಸಿಸಿ ಎಂಜಿನ್, ಅದೇ ಬೆಲೆ: ತೆರಿಗೆ ಸೇರಿ ಸುಮಾರು 497 ಪೌಂಡ್. ಆದ್ರೆ 1959ರ ಆಗಸ್ಟ್ 26ರಂದು ಬ್ರಿಟನ್‌ನಲ್ಲಿ ಬಿಡುಗಡೆ ಆದಾಗ ಒಂದರ ಹೆಸರು 'ಆಸ್ಟಿನ್ ಸೆವೆನ್', ಇನ್ನೊಂದರದ್ದು 'ಮೋರಿಸ್ ಮಿನಿ-ಮೈನರ್'. ಇವತ್ತು ನಾವು ಸಲೀಸಾಗಿ 'ಮಿನಿ' ಅಂತೀವಲ್ಲ, ಬರೀ ಆ ಹೆಸರಿನ ಕಾರು ಅವತ್ತು ಯಾವ ಶೋರೂಮಲ್ಲೂ ಇರ್ಲಿಲ್ಲ.

ಯಾಕೆ ಹೀಗೆ? ಆಸ್ಟಿನ್ ಮತ್ತು ಮೋರಿಸ್ ದಶಕಗಳ ಕಾಲ ಎದುರಾಳಿಗಳು. 1952ರಲ್ಲಿ ಎರಡೂ ಬಣ ಸೇರಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದ್ರೆ ಬಿಎಂಸಿ ಆಯ್ತು. ಕಾಗದದ ಮೇಲೆ ಮನೆ ಒಂದಾಯ್ತು, ಒಲೆ ಮಾತ್ರ ಎರಡೇ ಉಳೀತು. ಆಸ್ಟಿನ್ ಡೀಲರ್‌ಗಳು ಬೇರೆ, ಮೋರಿಸ್ ಡೀಲರ್‌ಗಳು ಬೇರೆ. ಹೊಸ ಕಾರು ಬಂದ್ರೆ ಇಬ್ಬರಿಗೂ ಬೇಕು, ಇಬ್ಬರಿಗೂ 'ನಮ್ಮದು' ಅನ್ನಿಸಬೇಕು. ಅದಕ್ಕೆ ಸಿಕ್ಕ ಸುಲಭದ ದಾರಿ ಅಂದ್ರೆ ಬ್ಯಾಡ್ಜ್ ಬದಲಾಯಿಸೋದು.

ಕಾರು ಮಾತ್ರ ನಿಜವಾಗ್ಲೂ ಹೊಸದು. 1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್‌ನಲ್ಲಿ ಪೆಟ್ರೋಲ್‌ಗೆ ರೇಷನ್ ಬಂದಿತ್ತು. ಕಂಪನಿ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್ ಪುಟ್ಟ ಕಾರೊಂದನ್ನ ಬೇಗ ಮಾಡಿಕೊಡಿ ಅಂತ ಅಲೆಕ್ ಇಸಿಗೊನಿಸ್ ಅವರಿಗೆ ಹೇಳಿದ್ರು. ಇಸಿಗೊನಿಸ್ ಎಂಜಿನ್ನನ್ನ ಅಡ್ಡ ಮಲಗಿಸಿ, ಗೇರ್‌ಬಾಕ್ಸನ್ನ ಅದರ ಕೆಳಗೇ ತೂರಿಸಿ, 10 ಇಂಚಿನ ಚಕ್ರ ಹಾಕಿ, ಹತ್ತು ಅಡಿ ಉದ್ದದಲ್ಲಿ ನಾಲ್ಕು ಜನಕ್ಕೆ ಜಾಗ ಮಾಡಿದ್ರು. ಡ್ರಾಯಿಂಗ್ ಬೋರ್ಡ್ ಮೇಲೆ ಅದಕ್ಕೆ ಹೆಸರೇ ಇರ್ಲಿಲ್ಲ, 'ಎಡಿಓ 15' ಅನ್ನೋ ಕೋಡ್ ಅಷ್ಟೇ.

(2/3)

ನಾಮಕರಣದ ಹೊತ್ತಿಗೆ ಎರಡೂ ಕಡೆಯವ್ರು ಮಾಡಿದ್ದು ನಮ್ಮ ಮನೆಗಳಲ್ಲಿ ಮಾಡೋದನ್ನೇ: ಅಜ್ಜನ ಹೆಸರು ಮೊಮ್ಮಗನಿಗೆ. 1922ರಲ್ಲಿ ಹರ್ಬರ್ಟ್ ಆಸ್ಟಿನ್ ತಂದಿದ್ದ 'ಆಸ್ಟಿನ್ ಸೆವೆನ್' ಬ್ರಿಟನ್‌ನ ಸಾಮಾನ್ಯ ಜನಕ್ಕೂ ಕಾರು ಕೊಡಿಸಿದ ಗಾಡಿ. ಆ ಹೆಸರನ್ನೇ ತಂದು, ಜಾಹೀರಾತಲ್ಲಿ ಸ್ಪೆಲಿಂಗ್ ಮಧ್ಯದ 'ವಿ' ತೆಗೆದು ಅಲ್ಲಿ 7 ಕೂರಿಸಿದ್ರು. (1959ರಲ್ಲೇ ಈ ಸ್ಟೈಲ್, ನಾವೇನೋ ಹೊಸದಾಗಿ ಕಂಡುಹಿಡಿದ್ವಿ ಅನ್ಕೊಂಡಿದೀವಿ.) ಮೋರಿಸ್ ಕಡೆಯವ್ರ ಹತ್ರ 'ಮೈನರ್' ಇತ್ತು. 1948ರ ಮೋರಿಸ್ ಮೈನರ್ ಕೂಡ ಇಸಿಗೊನಿಸ್ ಅವರದ್ದೇ ವಿನ್ಯಾಸ, ಇನ್ನೂ ಚೆನ್ನಾಗಿ ಮಾರಾಟ ಆಗ್ತಿತ್ತು. ಅದಕ್ಕಿಂತ ಚಿಕ್ಕದು ಅಂತ 'ಮಿನಿ-ಮೈನರ್'.

ಜನ ಏನು ಮಾಡಿದ್ರು? ಹಳೇ ನೆನಪಿನ 'ಸೆವೆನ್' ಬಿಟ್ರು, 'ಮೈನರ್' ಬಾಲ ಕತ್ತರಿಸಿದ್ರು, ಮಧ್ಯದ ಆ ಎರಡಕ್ಷರ ಹಿಡ್ಕೊಂಡ್ರು. 1962ರ ಜನವರಿಯಲ್ಲಿ ಆಸ್ಟಿನ್ ಕಡೆಯವ್ರೂ ಸೋತು ತಮ್ಮ ಕಾರಿಗೆ 'ಆಸ್ಟಿನ್ ಮಿನಿ' ಅಂತ ಹೆಸರು ಬದಲಾಯಿಸಿದ್ರು. ಅಂದ್ರೆ ಎದುರಾಳಿಯ ಕಾರಿನ ಹೆಸರನ್ನ ತಮ್ಮ ಕಾರಿಗೆ ಅಂಟಿಸಿಕೊಂಡ್ರು! ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟ ಆಗೋ ಜಾಗ ಇದು.

ಕಂಪನಿಗೆ ಬುದ್ಧಿ ಬಂತಾ? ಇಲ್ಲ. 1961ರಲ್ಲೇ ಅದೇ ಕಾರಿಗೆ ಹಿಂದೆ ಡಿಕ್ಕಿ, ಮುಂದೆ ದೊಡ್ಡ ಮೂಗು ಸೇರಿಸಿ 'ರೈಲಿ ಎಲ್ಫ್', 'ವೂಲ್ಸ್ಲಿ ಹಾರ್ನೆಟ್' ಅಂತ ಇನ್ನೆರಡು ಬ್ಯಾಡ್ಜ್ ಹಾಕಿದ್ರು (ಮೂರನೇ ಫೋಟೋ). ವೂಲ್ಸ್ಲಿಯ ಬ್ಯಾಡ್ಜ್ ರಾತ್ರಿ ಒಳಗಿಂದ ಲೈಟ್ ಆಗ್ತಿತ್ತು. ಪರದೇಶಗಳ ಕಥೆ ಇನ್ನೂ ಮಜಾ. ಆಸ್ಟ್ರೇಲಿಯಾದಲ್ಲಿ 'ಮೋರಿಸ್ 850', ಡೆನ್ಮಾರ್ಕ್‌ನಲ್ಲಿ 'ಆಸ್ಟಿನ್ ಪಾರ್ಟ್ನರ್' ಮತ್ತು 'ಮೋರಿಸ್ ಮ್ಯಾಸ್ಕಾಟ್'. ಇಟಲಿಯಲ್ಲಿ ಇನ್ನೊಸೆಂಟಿ ಬ್ಯಾಡ್ಜ್. ಇನ್ನೊಸೆಂಟಿ ಅಂದ್ರೆ ಯಾರು ಗೊತ್ತಾ? ನಮ್ಮ ತಾತಂದಿರು ಓಡಿಸಿದ ಲ್ಯಾಂಬ್ರೆಟ್ಟಾ ಸ್ಕೂಟರ್‌ನ ಮೂಲ ಕಂಪನಿ.

ಅಷ್ಟರಲ್ಲಿ ಹೆಸರು ಕಾರನ್ನೂ ದಾಟಿ ಹೊರಟಿತ್ತು. 'ಮಿನಿ ಸ್ಕರ್ಟ್'ಗೆ ಆ ಹೆಸರು ಬಂದಿದ್ದು ತನಗಿಷ್ಟವಾದ ಈ ಕಾರಿನಿಂದ ಅಂತ ಫ್ಯಾಷನ್ ಡಿಸೈನರ್ ಮೇರಿ ಕ್ವಾಂಟ್ ಹೇಳಿದ್ದಾರೆ. ಪದ ಮೊದಲೂ ಅಲ್ಲಲ್ಲಿ ಇತ್ತು, ಆದ್ರೆ ಎಲ್ಲದರ ಹಿಂದೆ 'ಮಿನಿ' ಸೇರಿಸೋ ಚಟ ಜೋರಾಗಿದ್ದು 60ರ ದಶಕದಲ್ಲೇ. ಮಿನಿ ಬಸ್, ಮಿನಿ ಮೀಲ್ಸ್, ತಾಲೂಕಿನ ಮಿನಿ ವಿಧಾನಸೌಧ... ದೂರದ ನೆಂಟಸ್ತನ ಅನ್ನಿ!

(3/3)

ಇನ್ನು ನಮ್ಮ ಕ್ಲಾಸಲ್ಲಿ ದಿನಾ ಆಗೋ ಜಗಳ. ಎಲ್ಲಾ ಮಿನಿಯೂ 'ಮಿನಿ ಕೂಪರ್' ಅಲ್ಲ! ಜಾನ್ ಕೂಪರ್ ರೇಸ್ ಕಾರು ಕಟ್ಟುತ್ತಿದ್ದವರು. ಈ ಪುಟ್ಟ ಕಾರಿಗೆ ಜೋರಾದ ಎಂಜಿನ್, ಡಿಸ್ಕ್ ಬ್ರೇಕ್ ಹಾಕೋಣ ಅಂತ ಬಿಎಂಸಿಯನ್ನ ಒಪ್ಪಿಸಿದ್ರು. 1961ರಲ್ಲಿ ಬಂದ ಆ ಮಾಡೆಲ್ ಮಾತ್ರ ಕೂಪರ್. (ಅದರಲ್ಲೂ ಎರಡು ಹೆಸರು: ಆಸ್ಟಿನ್ ಸೆವೆನ್ ಕೂಪರ್, ಮೋರಿಸ್ ಮಿನಿ-ಕೂಪರ್. ಕೇಳ್ಬೇಡಿ.) ಹೆಸರು ಬಳಸೋಕೆ ಕೂಪರ್ ಅವರಿಗೆ ಒಂದು ಕಾರಿಗೆ 2 ಪೌಂಡ್ ಸಿಗ್ತಿತ್ತು. ಮೊಂಟೆ ಕಾರ್ಲೊ ರ‍್ಯಾಲಿಯನ್ನ 1964, 1965, 1967ರಲ್ಲಿ ಗೆದ್ದಿದ್ದು ಈ ಸಾಲಿನ 'ಕೂಪರ್ ಎಸ್'. ಆದ್ರೂ 1971ರಲ್ಲಿ ಬ್ರಿಟನ್‌ನಲ್ಲಿ ಆ ಹೆಸರನ್ನ ನಿಲ್ಲಿಸಿಬಿಟ್ರು. ತಮಾಷೆ ಅಂದ್ರೆ ಆಮೇಲೂ ಕೆಲವು ವರ್ಷ ಇಟಲಿಯಲ್ಲಿ ಇನ್ನೊಸೆಂಟಿ ಕಂಪನಿ 'ಮಿನಿ ಕೂಪರ್ 1300' ಮಾರ್ತಾನೇ ಇತ್ತು. ಹುಟ್ಟೂರಿಗೆ ಆ ಹೆಸರು ಮತ್ತೆ ಬಂದಿದ್ದು 1990ರಲ್ಲಿ.

ಮುಖ್ಯ ತಿರುವು 1969. ಅಷ್ಟೊತ್ತಿಗೆ ಬಿಎಂಸಿ ಕೂಡ ಬ್ರಿಟಿಷ್ ಲೇಲ್ಯಾಂಡ್ ಒಳಗೆ ಸೇರಿತ್ತು. ಎಲ್ಫ್, ಹಾರ್ನೆಟ್ ಹೋದ್ವು. ಆಸ್ಟಿನ್, ಮೋರಿಸ್ ಬ್ಯಾಡ್ಜ್‌ಗಳೂ ಹೋದ್ವು. ಜನ ಹತ್ತು ವರ್ಷದಿಂದ ಕರೀತಿದ್ದ ಹೆಸರು ಕೊನೆಗೂ ಬಾನೆಟ್ ಮೇಲೆ ಒಂಟಿಯಾಗಿ ಕೂತ್ಕೊಳ್ತು: ಮಿನಿ. 80ರ ದಶಕದಲ್ಲಿ 'ಆಸ್ಟಿನ್' ಮತ್ತೊಮ್ಮೆ ಅಂಟಿಕೊಳ್ತು, ಆಮೇಲೆ 'ರೋವರ್' ಬಂತು. ಅವೆಲ್ಲ ಯಾರಿಗೆ ನೆನಪಿದೆ?

ಹಳೇ ವಿನ್ಯಾಸದ ಕೊನೇ ಮಿನಿ ಲಾಂಗ್‌ಬ್ರಿಡ್ಜ್ ಕಾರ್ಖಾನೆಯಿಂದ ಹೊರಬಂದಿದ್ದು 2000ದ ಅಕ್ಟೋಬರ್‌ನಲ್ಲಿ. ಒಟ್ಟು ಸುಮಾರು 53 ಲಕ್ಷ 87 ಸಾವಿರ ಕಾರು. ಅದೇ ವರ್ಷ ಬಿಎಂಡಬ್ಲ್ಯು ತಾನು 1994ರಲ್ಲಿ ಕೊಂಡಿದ್ದ ರೋವರ್ ಕಾರು ಕಂಪನಿಯನ್ನ ಕೈಬಿಡ್ತು. ಆಸ್ಟಿನ್‌ನ ತವರುಮನೆ ಲಾಂಗ್‌ಬ್ರಿಡ್ಜೂ ಆ ವ್ಯವಹಾರದಲ್ಲೇ ಹೋಯ್ತು. ಆದ್ರೆ 'ಮಿನಿ' ಅನ್ನೋ ಹೆಸರನ್ನ ಮಾತ್ರ ಕೊಡ್ಲಿಲ್ಲ. 2001ರಿಂದ ಅದನ್ನ ಪೂರ್ತಿ ದೊಡ್ಡಕ್ಷರದಲ್ಲಿ ಬರೀತಾರೆ, ಕಾರೂ ಹಳೇದಕ್ಕಿಂತ ಅರ್ಧ ಮೀಟರ್‌ಗೂ ಹೆಚ್ಚು ಉದ್ದ. ಅದನ್ನ ಮಾಡೋದೆಲ್ಲಿ ಅಂತೀರಾ? ಆಕ್ಸ್‌ಫರ್ಡ್ ಹತ್ರದ ಕೌಲಿಯಲ್ಲಿ, ಮೋರಿಸ್ ಅವರ ಹಳೇ ಊರಲ್ಲಿ.

ಆಕ್ಸ್‌ಫರ್ಡ್ ಅಂದಾಗ ನೆನಪಾಯ್ತು. 'ಮೋರಿಸ್ ಆಕ್ಸ್‌ಫರ್ಡ್' ಅನ್ನೋ ಕಾರಿಗೆ ಬೇರೆ ಬ್ಯಾಡ್ಜ್ ಹಾಕಿ ನಮ್ಮ ದೇಶದಲ್ಲಿ 2014ರವರೆಗೂ ಮಾಡಿದ್ರು. ಬಿಳಿ ಬಣ್ಣ, ಮೇಲೆ ಕೆಂಪು ದೀಪ. ಹೆಸರು ಕಾಮೆಂಟ್‌ನಲ್ಲಿ ಹೇಳಿ, ಮುಂದಿನ ಸರಣಿ ಅದರದ್ದೇ.

#ಹೆಸರಿನಹಿಂದೆ #ಹಳೇಕಾರು #ಮಿನಿ