ಉದ್ಯಮ ಒಲೆಗಳು: ಕರ್ನಾಟಕದ ಸಣ್ಣ ಕಸುಬುಗಳಲ್ಲಿ ಸೌದೆ ಉಳಿತಾಯದ ಇತಿಹಾಸ

ರೇಷ್ಮೆಗೂಡು ಬೇಯಿಸುವುದು, ಹಸಿ ಅಡಿಕೆ ಬೇಯಿಸುವುದು, ಬೆಲ್ಲ ಕಾಯಿಸುವುದು, ನೂಲಿಗೆ ಬಣ್ಣ ಹಾಕುವುದು, ಹೋಟೆಲು ಮತ್ತು ವಿದ್ಯಾರ್ಥಿನಿಲಯಗಳ ಅಡುಗೆ ಮೊದಲಾದ ಕೆಲಸಗಳಿಗೆ ಬಳಕೆಯಾಗುವ, ಮನೆಯೊಲೆಗಿಂತ ದೊಡ್ಡದೂ ಕಾರ್ಖಾನೆಯ ಬಾಯ್ಲರಿಗಿಂತ ಚಿಕ್ಕದೂ ಆದ ಒಲೆಗಳಿಗೆ ಉದ್ಯಮ ಒಲೆಗಳೆಂದು ಹೆಸರು. ಇಂಥ ಒಲೆಗಳನ್ನು ವೈಜ್ಞಾನಿಕವಾಗಿ ಮಾರ್ಪಡಿಸಿ, ಉರಿಸುವ ಸೌದೆಯನ್ನೂ ಹೊಗೆಯನ್ನೂ ತಗ್ಗಿಸಿ, ಅದರಿಂದ ಮಾಲೀಕನ ಖರ್ಚು ಇಳಿಯುವಂತೆ ಮಾಡುವ ಪ್ರಯತ್ನಗಳು ಕರ್ನಾಟಕದಲ್ಲಿ 1970ರ ದಶಕದ ಸಂಶೋಧನೆಯಿಂದ ಹುಟ್ಟಿ 1990ರ ನಂತರ ಕಸುಬುದಾರರ ನಡುವೆ ಹರಡಿದವು. ಪರಿಸರ ರಕ್ಷಣೆ ಈ ಪ್ರಯತ್ನಗಳ ಮೂಲ ಉದ್ದೇಶಗಳಲ್ಲಿ ಒಂದಾಗಿದ್ದರೂ ಅವು ಎಲ್ಲಿ ನೆಲೆಯೂರಿದವು, ಎಲ್ಲಿ ಊರಲಿಲ್ಲ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಸೌದೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ.

ಸೌದೆಯನ್ನೇ ನೆಚ್ಚಿದ ಉದ್ಯಮ ಕರ್ನಾಟಕಕ್ಕೆ ಹೊಸದಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಮೊದಲುಗೊಂಡು ಕರಾವಳಿಯುದ್ದಕ್ಕೂ ಎದ್ದ ಹಂಚಿನ ಭಟ್ಟಿಗಳು ಸೌದೆಯಿಂದಲೇ ಉರಿದವು. 1923ರಲ್ಲಿ ಭದ್ರಾವತಿಯಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಮರದ ಇದ್ದಲನ್ನು ಬಳಸಿತಾದರೂ, ಮರವನ್ನು ಇದ್ದಲು ಮಾಡುವಾಗ ಹೊಗೆಯಾಗಿ ಹೋಗುವ ಪದಾರ್ಥಗಳನ್ನು ತಣಿಸಿ ಹಿಡಿದು ಮಾರಾಟದ ರಾಸಾಯನಿಕಗಳನ್ನು ಪಡೆಯುವ ಮರದ ಭಟ್ಟಿ ಇಳಿಸುವ ಘಟಕವೂ ಅದಕ್ಕೆ ಸೇರಿತ್ತು. ಪೋಲಾಗುವುದನ್ನು ಹಣವಾಗಿಸುವ ಎಣಿಕೆ ಈ ನಾಡಿನ ದೊಡ್ಡ ಕೈಗಾರಿಕೆಗೆ ಅಷ್ಟು ಹಿಂದೆಯೇ ತಿಳಿದಿತ್ತು. ಅದು ಚಿಕ್ಕ ಕಸುಬುದಾರನ ಒಲೆಯ ಬಾಯಿಗೆ ತಲುಪಲು ಮಾತ್ರ ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಅದಕ್ಕೆ ದಾರಿ ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ರಸಾಯನವಿಜ್ಞಾನಿ ಅಮೂಲ್ಯ ಕೆ. ಎನ್. ರೆಡ್ಡಿ (1930–2006) ಅವರ ಮುಂದಾಳತ್ವದಲ್ಲಿ ರೂಪುಗೊಂಡ, ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ‘ಅಸ್ತ್ರ’ ಎಂಬ ಘಟಕ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ವಿಸ್ತರಣಾ ಕೇಂದ್ರವನ್ನು ತೆರೆದ ಈ ಘಟಕದ ಸಂಶೋಧಕರು ಸುತ್ತಲಿನ ಆರು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಇಂಧನ, ಎಷ್ಟು ಮಾನವ ಶ್ರಮ, ಎಷ್ಟು ಪಶುಶ್ರಮ ವ್ಯಯವಾಗುತ್ತದೆಂದು ಮನೆಮನೆಗೆ ಹೋಗಿ ಅಳೆದರು. ಗ್ರಾಮೀಣ ಶಕ್ತಿಯ ಸಮಸ್ಯೆಯೆಂದರೆ ವಿದ್ಯುತ್ತಿನ ಕೊರತೆ ಎಂಬ ಆಗಿನ ತಿಳಿವಳಿಕೆಗೆ ಎದುರಾಗಿ, ಹಳ್ಳಿಯ ಒಟ್ಟು ಶಕ್ತಿಯಲ್ಲಿ ಬಹುಪಾಲು ಸೌದೆಯದು, ಸೌದೆಯಲ್ಲಿ ಬಹುಪಾಲು ಒಲೆಗೆ ಹೋಗುತ್ತದೆ ಎಂಬ ಸಂಗತಿ ಅಲ್ಲಿ ಅಂಕಿಅಂಶಗಳ ರೂಪ ತಾಳಿತು. ಮುಂದೆ 1983ರಲ್ಲಿ ರೆಡ್ಡಿ ಮತ್ತು ಸಹೋದ್ಯೋಗಿ ಪ್ರಕಟಿಸಿದ ಬೆಂಗಳೂರಿನ ಸೌದೆಯ ಅಧ್ಯಯನವು ನಗರಕ್ಕೆ ಲಾರಿಗಳಲ್ಲಿ ದೂರದಿಂದ ಬರುವ ಸೌದೆಯ ವ್ಯಾಪಾರದತ್ತ ಗಮನ ಸೆಳೆಯಿತು. ಹಳ್ಳಿಯ ಹೆಂಗಸು ಆಯ್ದು ತರುವ ಪುಳ್ಳೆ ಬೇರೆ, ಡಿಪೊದಲ್ಲಿ ತೂಗಿ ಕೊಳ್ಳುವ ಸೌದೆ ಬೇರೆ. ಉದ್ಯಮ ಒಲೆಯ ಇತಿಹಾಸವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಒಲೆಯಲ್ಲಿ ಸೌದೆ ಹೇಗೆ ಪೋಲಾಗುತ್ತದೆಂಬುದನ್ನು ಇಲ್ಲಿ ವಿವರಿಸುವುದು ಅಗತ್ಯ. ಗಾಳಿಗೆ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 15 ಮೆಗಾಜೂಲ್ ಉಷ್ಣವಿರುತ್ತದೆ. ಅದಷ್ಟೂ ನೀರಿಗೆ ಸೇರುವುದಾದರೆ 45 ಲೀಟರಿಗೂ ಮಿಕ್ಕ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವ ಮಟ್ಟಕ್ಕೆ ತರಬಹುದು. ಆದರೆ ನೂರರಲ್ಲಿ ಹತ್ತು ಹದಿನೈದು ಪಾಲಷ್ಟೇ ಉಪಯೋಗಕ್ಕೆ ಬರುವ ಬಾಯ್ದೆರೆದ ಒಲೆಯಲ್ಲಿ ಅದೇ ಸೌದೆಯಿಂದ ಕುದಿಯುವುದು ಐದರಿಂದ ಏಳು ಲೀಟರ್ ಮಾತ್ರ. ನಷ್ಟಕ್ಕೆ ಮುಖ್ಯ ಕಾರಣಗಳು ಎರಡು. ಮೊದಲನೆಯದು ದಹನದ ಲೋಪ: ಒಂದು ಕಿಲೋ ಸೌದೆ ಪೂರ್ತಿಯಾಗಿ ಉರಿಯಲು ಸುಮಾರು ಆರು ಕಿಲೋ ಗಾಳಿ ಸಾಕಾದರೂ ತೆರೆದ ಬಾಯಿಯಿಂದ ಅದರ ಹಲವು ಪಟ್ಟು ತಣ್ಣನೆಯ ಗಾಳಿ ನುಗ್ಗಿ ಬೆಂಕಿಯನ್ನು ತಣಿಸುತ್ತದೆ, ಇತ್ತ ಬೂದಿಯ ನಡುವೆ ಕೂತ ಕೆಂಡಕ್ಕೆ ಬೇಕಾದ ಗಾಳಿ ಸಿಗುವುದಿಲ್ಲ. ಎರಡನೆಯದು ಉಷ್ಣ ವರ್ಗಾವಣೆಯ ಲೋಪ: ಉರಿ ಪಾತ್ರೆಯನ್ನು ಸವರಿಕೊಂಡು ಹೋಗುವ ಬದಲು ಅಗಲವಾದ ಸಂದಿಯಿಂದ ಪಾರಾಗುತ್ತದೆ, ಉಳಿದದ್ದನ್ನು ಒಲೆಯ ಗೋಡೆಯೇ ನುಂಗುತ್ತದೆ. ಸೌದೆ ಹಸಿಯಾಗಿದ್ದರಂತೂ ಅದರೊಳಗಿನ ಪ್ರತಿ ಕಿಲೋ ನೀರನ್ನು ಆವಿ ಮಾಡಲು ಎರಡು ಮೆಗಾಜೂಲ್‌ಗೂ ಹೆಚ್ಚು ಉಷ್ಣ ಖರ್ಚಾಗುತ್ತದೆ. ಪರಿಹಾರವೂ ಇದರಿಂದಲೇ ಹೊಳೆಯುತ್ತದೆ. ಸೌದೆಯನ್ನು ಕಬ್ಬಿಣದ ಜಾಲರಿಯ ಮೇಲಿಟ್ಟು ಕೆಳಗಿನಿಂದ ಗಾಳಿ ಕೊಡುವುದು, ಬೆಂಕಿಗೂಡಿಗೆ ಬಾಗಿಲು ಹಾಕಿ ಗಾಳಿಯ ಪ್ರಮಾಣವನ್ನು ಹಿಡಿತದಲ್ಲಿಡುವುದು, ಪಾತ್ರೆಗೂ ಗೋಡೆಗೂ ನಡುವಿನ ಸಂದಿಯನ್ನು ಕಿರಿದುಮಾಡುವುದು, ಬಿಸಿ ಹೊಗೆ ಹೊಗೆಕೊಳವೆಗೆ ಸೇರುವ ಮುನ್ನ ಇನ್ನೊಂದು ಪಾತ್ರೆಯ ನೀರನ್ನು ಕಾಯಿಸುವಂತೆ ಮಾಡುವುದು ಇವೇ ಆ ಉಪಾಯಗಳು.

ಈ ತತ್ತ್ವಗಳನ್ನು ಒಳಗೊಂಡು 1980ರ ದಶಕದ ಆರಂಭದಲ್ಲಿ ರೂಪುಗೊಂಡ, ಮೂರು ಪಾತ್ರೆಗಳ ‘ಅಸ್ತ್ರ ಒಲೆ’ ಮೊದಲಿಗೆ ಮನೆಗಳಿಗಾಗಿ ಉದ್ದೇಶಿತವಾಗಿತ್ತು. ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಡಿ ಅದು ಕರ್ನಾಟಕದ ಅಸಂಖ್ಯ ಅಡುಗೆಮನೆಗಳನ್ನು ಸೇರಿತು. ಆದರೆ 1980ರ ದಶಕದ ನಡುವೆ ದೇಶವ್ಯಾಪಿಯಾದ ಆ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2002ರಲ್ಲಿ ಕೈಬಿಡುವ ಹೊತ್ತಿಗೆ ಸಹಾಯಧನದಿಂದ ಕಟ್ಟಿದ ಒಲೆಗಳಲ್ಲಿ ಹಲವು ಒಡೆದೋ ಮೂಲೆಗೆ ಬಿದ್ದೋ ಹೋಗಿದ್ದವು. ಸೌದೆಯನ್ನು ಆಯ್ದು ತರುವ ಮನೆಯಲ್ಲಿ ಉಳಿತಾಯವೆಂಬುದು ಹೆಂಗಸಿನ ಹೊತ್ತು ಮತ್ತು ಬೆನ್ನುನೋವಿನ ಲೆಕ್ಕವಾಗಿತ್ತು. ಮನೆಯ ಹಣದ ಲೆಕ್ಕದಲ್ಲಿ ಅದು ಕಾಣಿಸುತ್ತಿರಲಿಲ್ಲ. ಜಾಲರಿ ಸವೆದಾಗ ಅಥವಾ ಹೊಗೆಕೊಳವೆ ಕಟ್ಟಿಕೊಂಡಾಗ ದುರಸ್ತಿಗೆ ಖರ್ಚು ಮಾಡಲು ಪ್ರೇರಣೆ ದುರ್ಬಲವಾದದ್ದು ಆಶ್ಚರ್ಯವಲ್ಲ.

ಇದೇ ಕಾಲದಲ್ಲಿ ಹೊರದೇಶಗಳಲ್ಲಿ, ಮಾಲಿನ್ಯವನ್ನು ಕೊಳವೆಯ ತುದಿಯಲ್ಲಿ ತಡೆಯುವ ಬದಲು ಹುಟ್ಟುವಲ್ಲೇ ತಡೆದರೆ ಹಣವೂ ಉಳಿಯುತ್ತದೆಂಬ ವಾದ ಬಲಗೊಂಡಿತು. ಅಮೆರಿಕದ 3ಎಂ ಕಂಪನಿ 1975ರಲ್ಲೇ ಇದನ್ನು ತನ್ನ ಕಾರ್ಯನೀತಿಯಾಗಿಸಿಕೊಂಡಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 1989ರಲ್ಲಿ ‘ಶುಚಿ ಉತ್ಪಾದನೆ’ ಎಂಬ ಹೆಸರಿನಲ್ಲಿ ಅದನ್ನು ಕೈಗೆತ್ತಿಕೊಂಡಿತು. ಆಸ್ಟ್ರಿಯಾದ ಗ್ರಾಟ್ಸ್ ನಗರಾಡಳಿತ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಜೊತೆಗೂಡಿ 1991ರಲ್ಲಿ ಆರಂಭಿಸಿದ ‘ಓಕೊಪ್ರಾಫಿಟ್’ ಯೋಜನೆ, ಊರಿನ ವರ್ಕ್‌ಶಾಪು ಮುದ್ರಣಾಲಯಗಳಂಥ ಉದ್ಯಮಗಳನ್ನು ಕೂಡಿಸಿ ತರಬೇತಿ ಕೊಡುವ ಮಾದರಿಯಾಯಿತು. ಭಾರತದಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಳಿ 1993–95ರಲ್ಲಿ ಕಾಗದ, ಬಟ್ಟೆಯ ಬಣ್ಣಗಾರಿಕೆ ಮತ್ತು ಕೀಟನಾಶಕ ತಯಾರಿಕೆಯ ಸಣ್ಣ ಘಟಕಗಳಲ್ಲಿ ಇಂಥದೇ ಪ್ರಾತ್ಯಕ್ಷಿಕೆ ನಡೆಸಿತು. ಆದರೆ ಇವೆಲ್ಲ ಲೆಕ್ಕಪುಸ್ತಕವೂ ಮೀಟರೂ ಇರುವ ಘಟಕಗಳಿಗೆ ಹೊಂದುವ ವಿಧಾನಗಳು. ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರನಿಗೆ ಬೇಕಾದದ್ದು ಬೇರೆ.

ಮೈಸೂರು ಸೀಮೆಯ ರೇಷ್ಮೆ ನೂಲು ಬಿಚ್ಚಾಣಿಕೆ ಈ ಇತಿಹಾಸದ ಅತ್ಯಂತ ಸಮೃದ್ಧ ಅಧ್ಯಾಯ. ಗೂಡಿನ ಎಳೆಗಳನ್ನು ಅಂಟಿಸಿ ಹಿಡಿದಿರುವ ಸೆರಿಸಿನ್ ಎಂಬ ಅಂಟುಪದಾರ್ಥ ಬಿಸಿನೀರಿನಲ್ಲಿ ಮೆತ್ತಗಾದಾಗಲೇ ಎಳೆ ಬಿಚ್ಚಿಕೊಳ್ಳುವುದರಿಂದ, ನೂಲು ತೆಗೆಯುವವನಿಗೆ ದಿನವಿಡೀ ಬಿಸಿನೀರು ಬೇಕು. ಒಂದೇ ಬಾಣಲೆಯಲ್ಲಿ ಗೂಡು ಬೇಯಿಸಿ ನೂಲನ್ನೂ ಎಳೆಯುವ ಚರಕ, ಬೇಯಿಸುವ ಒಲೆಯನ್ನೂ ಎಳೆಯುವ ತೊಟ್ಟಿಗಳನ್ನೂ ಬೇರ್ಪಡಿಸಿದ ಕಾಟೇಜ್ ಬೇಸಿನ್, ಹೆಚ್ಚು ಎಳೆಗಳನ್ನು ನಿಧಾನವಾಗಿ ಸುತ್ತುವ ಮಲ್ಟಿ ಎಂಡ್ ಯಂತ್ರ ಹೀಗೆ ಘಟಕಗಳ ಸ್ವರೂಪ ಬೇರೆ ಬೇರೆಯಾದರೂ ಗೂಡಿನ ಬೆಲೆಯ ನಂತರ ಕಣ್ಣಿಗೆ ಹೊಡೆಯುವ ಖರ್ಚುಗಳಲ್ಲಿ ಸೌದೆ ಒಂದು. ಗೂಡಿನ ಬೆಲೆ ಮಾರುಕಟ್ಟೆಯ ಹರಾಜಿನಲ್ಲಿ, ನೂಲಿನ ಬೆಲೆ ವ್ಯಾಪಾರಿಯ ಕೈಯಲ್ಲಿ ನಿರ್ಧಾರವಾಗುವಾಗ ರೀಲರನ ಹಿಡಿತದಲ್ಲಿ ಉಳಿಯುವುದು ಒಲೆಯಂಥ ಕೆಲವೇ ಬಾಬುಗಳು. ನೀರಿನ ಬಿಸಿ ಏರಿಳಿದರೆ ಎಳೆ ಕಡಿಯುತ್ತದೆ, ಗೂಡು ವ್ಯರ್ಥವಾಗುತ್ತದೆ. ಆದ್ದರಿಂದ ಸಮನಾದ ಉರಿ ಸೌದೆಯ ಜೊತೆಗೆ ಗೂಡನ್ನೂ ಉಳಿಸುತ್ತದೆ. ಸೌದೆಗಿಂತ ಬಲು ದುಬಾರಿಯಾದ ಗೂಡಿನ ಈ ಉಳಿತಾಯವೇ ಅನೇಕ ವೇಳೆ ಹೆಚ್ಚು ಮನವೊಲಿಸುವ ಸಂಗತಿ ಎಂಬುದನ್ನು ಒಲೆ ತಜ್ಞರು ತಡವಾಗಿ ಗಮನಿಸಿದರು.

1990ರ ದಶಕದಲ್ಲಿ ಟಾಟಾ ಶಕ್ತಿ ಸಂಶೋಧನಾ ಸಂಸ್ಥೆ (ಇಂದಿನ ಟೆರಿ) ಸ್ವಿಟ್ಜರ್ಲೆಂಡಿನ ಅಭಿವೃದ್ಧಿ ಸಂಸ್ಥೆಯ ನೆರವಿನಿಂದ ಬಿಚ್ಚಾಣಿಕೆ ಒಲೆಗಳಿಗೆ ಅನಿಲೀಕರಣ ತಂತ್ರವನ್ನು ಅಳವಡಿಸಲು ಯತ್ನಿಸಿತು. ಅನಿಲೀಕರಣವೆಂದರೆ ಸೌದೆಯನ್ನು ಕೊರತೆಯ ಗಾಳಿಯಲ್ಲಿ ಅರೆಬರೆ ಉರಿಸಿ, ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಇರುವ ಉರಿಯುವ ಅನಿಲವನ್ನು ಪಡೆದು, ಅದನ್ನು ಬೇರೆಡೆ ಹೊಗೆಯಿಲ್ಲದೆ ಉರಿಸುವುದು. ವಿಜ್ಞಾನ ಸಂಸ್ಥೆಯ ಇನ್ನೊಂದು ಪ್ರಯೋಗಾಲಯ 1988ರಲ್ಲೇ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಇದೇ ತತ್ತ್ವದಿಂದ ಎಂಜಿನ್ ನಡೆಸಿ ಊರಿಗೆ ಬೆಳಕು ಕೊಟ್ಟಿತ್ತು. ಬಿಚ್ಚಾಣಿಕೆಯಲ್ಲಿ ಈ ವಿಧಾನ ಉರಿಯನ್ನು ಶುದ್ಧಗೊಳಿಸಿ ಬಿಸಿಯನ್ನು ಹದದಲ್ಲಿಡಬಲ್ಲುದಾದರೂ ಅದಕ್ಕೆ ಸೌದೆಯನ್ನು ಚಿಕ್ಕದಾಗಿ ಒಂದೇ ಅಳತೆಗೆ ಕಡಿದು ಒಣಗಿಸಬೇಕು. ಉದ್ದನೆಯ ಕೊರಡನ್ನು ಹಾಗೆಯೇ ಒಲೆಗೆ ತಳ್ಳಿ ರೂಢಿಯಾದ ಘಟಕದಲ್ಲಿ ಈ ಕಡಿಯುವ ಕೂಲಿ ಹೊಸ ಖರ್ಚು. ಮೇಲಾಗಿ ಅನಿಲೀಕರಣ ಯಂತ್ರದ ಬೆಲೆಯೂ ದೊಡ್ಡದು. ಆದ್ದರಿಂದ ಅದು ಒಂದೆರಡು ಬೇಸಿನ್ನಿನ ಮನೆಗಿಂತ ದೊಡ್ಡ ಘಟಕಕ್ಕೆ ಹೆಚ್ಚು ಒಗ್ಗುವ ತಂತ್ರವೆನಿಸಿತು.

ಚಿಕ್ಕ ಘಟಕಗಳ ಬಾಗಿಲಿಗೆ ಹೋದದ್ದು 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ‘ಟೈಡ್’ ಎಂಬ ಸ್ವಯಂಸೇವಾ ಸಂಸ್ಥೆ. ಸ್ವಾತಿ ಭೋಗ್ಲೆ ಅವರ ನೇತೃತ್ವದಲ್ಲಿ ಬೆಳೆದ ಈ ಸಂಸ್ಥೆ, ‘ಅಸ್ತ್ರ’ದಂಥ ಪ್ರಯೋಗಾಲಯಗಳ ತಿಳಿವಳಿಕೆಯನ್ನು ಆಯಾ ಕಸುಬಿನ ಪಾತ್ರೆ, ಸ್ಥಳ ಮತ್ತು ಕೆಲಸದ ಲಯಕ್ಕೆ ತಕ್ಕಂತೆ ಬದಲಿಸಿತು. ಅದರ ಕಾರ್ಯವಿಧಾನದಲ್ಲಿ ಒಲೆಯ ವಿನ್ಯಾಸಕ್ಕಿಂತಲೂ ಮುಖ್ಯವಾದದ್ದು ಒಲೆ ಕಟ್ಟುವವನನ್ನು ಕುರಿತ ಯೋಚನೆ. ಸ್ಥಳೀಯ ಗಾರೆ ಕೆಲಸದವರನ್ನೂ ಸಣ್ಣ ಉದ್ಯಮಿಗಳನ್ನೂ ಆರಿಸಿ ತರಬೇತಿ ಕೊಟ್ಟು, ಕಟ್ಟುವ ಕೂಲಿ ಮತ್ತು ಲಾಭ ಅವರಿಗೇ ಸಲ್ಲುವಂತೆ ಮಾಡಿದ್ದರಿಂದ, ಜಾಲರಿ ಬದಲಾಯಿಸಲು ಬೆಂಗಳೂರಿನಿಂದ ಯಾರೂ ಬರಬೇಕಾಗಲಿಲ್ಲ. ಒಂದು ಊರಿನಲ್ಲಿ ಒಬ್ಬ ಮಾಲೀಕನ ಒಲೆಯನ್ನು ಬದಲಿಸಿ, ಹಳೆಯದಕ್ಕೂ ಹೊಸದಕ್ಕೂ ಎಷ್ಟೆಷ್ಟು ಸೌದೆ ಬೇಕಾಯಿತೆಂದು ಅವನ ಕಣ್ಣೆದುರೇ ತೂಗಿ ತೋರಿಸಿದರೆ ಉಳಿದ ಪ್ರಚಾರವನ್ನು ಆ ಮಾಲೀಕನೇ ಮಾಡುತ್ತಿದ್ದ. ಬಿಚ್ಚಾಣಿಕೆ, ಬಟ್ಟೆಯ ಬಣ್ಣಗಾರಿಕೆ, ಆಯುರ್ವೇದ ಔಷಧ ತಯಾರಿಕೆ, ಹೋಟೆಲು ಅಡುಗೆ ಹೀಗೆ ಕರ್ನಾಟಕ ಮತ್ತು ಕೇರಳದ ಹಲವು ಕಸುಬುಗಳಿಗೆ ವಿಸ್ತರಿಸಿದ ಈ ಕೆಲಸಕ್ಕೆ 2008ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಸಂದಿತು. ಒಲೆಯನ್ನು ಕಟ್ಟುವ ಬದಲು ತಯಾರಿಸಿ ಮಾರುವ ‘ಸಸ್ಟೇನ್‌ಟೆಕ್’ ಎಂಬ ಕಂಪನಿ ಇದೇ ಅನುಭವದ ಬೆನ್ನಲ್ಲಿ ಹುಟ್ಟಿ ತಮಿಳುನಾಡಿನ ಬೀದಿಬದಿಯ ತಿಂಡಿ ವ್ಯಾಪಾರಿಗಳತ್ತ ಗಮನ ಹರಿಸಿತು.

ಎಲ್ಲ ಕಸುಬುಗಳೂ ಒಂದೇ ಬಗೆಯಲ್ಲಿ ಸ್ಪಂದಿಸಲಿಲ್ಲ. ಸುಲಿದ ಹಸಿ ಅಡಿಕೆಯನ್ನು ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸಿ ಕೆಂಪಡಿಕೆ ಮಾಡುವ ಮಲೆನಾಡಿನಲ್ಲಿ ಕೆಲಸ ಕೊಯ್ಲಿನ ಕೆಲವು ತಿಂಗಳಿಗೆ ಸೀಮಿತ. ಹಲವು ಬೆಳೆಗಾರರಿಗೆ ಸೌದೆ ಸ್ವಂತ ತೋಟದ ಅಂಚಿನಿಂದಲೇ ದೊರೆಯುವುದರಿಂದ ಅಲ್ಲಿ ಹೊಸ ಒಲೆಯ ಆಕರ್ಷಣೆ ಹಣಕ್ಕಿಂತ ಹೊಗೆ ಕಡಿಮೆಯಾಗುವುದರಲ್ಲಿ, ಹಂಡೆ ಬೇಗ ಕಾಯುವುದರಲ್ಲಿ ಇತ್ತು. ಮಂಡ್ಯ ಸೀಮೆಯ ಆಲೆಮನೆಯ ಲೆಕ್ಕ ಇನ್ನೂ ವಿಚಿತ್ರ. ನೂರು ಕಿಲೋ ಕಬ್ಬಿನಿಂದ ಸುಮಾರು ಹತ್ತು ಕಿಲೋ ಬೆಲ್ಲ ಬರುವಾಗ ರಸದ ಉಳಿದ ನೀರನ್ನೆಲ್ಲ ಕೊಪ್ಪರಿಗೆಯಲ್ಲಿ ಆವಿಯಾಗಿಸಬೇಕು, ಅದಕ್ಕೆ ಉರುವಲು ಗಾಣದಲ್ಲಿ ರಸ ಹಿಂಡಿದ ಮೇಲೆ ಉಳಿದ ಕಬ್ಬಿನ ಸಿಪ್ಪೆ, ಅಂದರೆ ರಚ್ಚು. ಇಂಧನ ಪುಕ್ಕಟೆಯಾದ್ದರಿಂದ ಒಲೆ ಸುಧಾರಿಸಿ ರಚ್ಚು ಉಳಿಸಿದರೂ ಅದನ್ನು ಕೊಳ್ಳುವವರು ಹತ್ತಿರದಲ್ಲಿ ಇಲ್ಲದಿದ್ದರೆ ಮಾಲೀಕನಿಗೆ ಗಿಟ್ಟುವುದೇನೂ ಇಲ್ಲ. ಮೋಡ ಕವಿದು ರಚ್ಚು ಒಣಗದ ದಿನಗಳಲ್ಲಿ ಮಾತ್ರ ದಕ್ಷ ಒಲೆಯ ಬೆಲೆ ಅವನಿಗೆ ತಿಳಿಯುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಭತ್ತದ ಹೊಟ್ಟಿನ ಜೊತೆಗೆ ಹಳೆಯ ಟೈರುಗಳನ್ನು ಉರಿಸುವ ರೂಢಿ ಬಂದಾಗ ಈ ತರ್ಕದ ಇನ್ನೊಂದು ಮುಖ ಬಯಲಾಯಿತು: ಮಾಲೀಕನಿಗೆ ಅತ್ಯಂತ ಅಗ್ಗವಾದ ಇಂಧನ ಸುತ್ತಲಿನ ಬಡಾವಣೆಗಳ ಉಸಿರಿಗೆ ಅತ್ಯಂತ ದುಬಾರಿಯಾಗಿದ್ದು, ಖರ್ಚು ಉಳಿಸುವ ಆಸೆಯಿಂದಲೇ ಗಾಳಿ ಶುದ್ಧವಾಗುತ್ತದೆಂಬ ನಂಬಿಕೆ ಅಲ್ಲಿ ಕೆಲಸ ಮಾಡಲಿಲ್ಲ.

2001ರ ಶಕ್ತಿ ಸಂರಕ್ಷಣಾ ಕಾಯ್ದೆ ಮತ್ತು 2002ರಲ್ಲಿ ಕೆಲಸ ಆರಂಭಿಸಿದ ಶಕ್ತಿ ದಕ್ಷತಾ ಬ್ಯೂರೊ ಇಂಥ ಪ್ರಯತ್ನಗಳಿಗೆ ಕಾನೂನಿನ ಚೌಕಟ್ಟು ಒದಗಿಸಿದವು. ಒಂದೇ ಕಸುಬಿನ ಘಟಕಗಳು ಒತ್ತಾಗಿರುವ ಊರನ್ನು ಒಂದು ಸಮೂಹವೆಂದು ಹಿಡಿದು ಕೆಲಸ ಮಾಡುವ ಕ್ರಮದಲ್ಲಿ, ಬ್ಯೂರೊ ಮತ್ತು ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆ ಸೇರಿ ಕೈಗೊಂಡ ಯೋಜನೆಗೆ ಬೆಳಗಾವಿಯ ಎರಕದ ಘಟಕಗಳು ಆಯ್ಕೆಯಾದವು. ರೇಷ್ಮೆ ಕ್ಷೇತ್ರದಲ್ಲಿ ಬಿಸಿಲಿನಿಂದ ನೀರನ್ನು ಮುಂಚಿತವಾಗಿ ಕಾಯಿಸಿ ಒಲೆಗೆ ಕೊಡುವ ಸೌರ ಜಲತಾಪಕಗಳಿಗೆ ಸಹಾಯಧನ ದೊರೆಯಿತು. ಪಟ್ಟಣದ ಹೋಟೆಲುಗಳು ಸೌದೆ ಬಿಟ್ಟು ಸಿಲಿಂಡರ್ ಅನಿಲಕ್ಕೆ ಸರಿದರೂ ವಾಣಿಜ್ಯ ಸಿಲಿಂಡರಿನ ದರ ಏರಿದಾಗಲೆಲ್ಲ ಹಿತ್ತಲಿನ ಸೌದೆ ಒಲೆ ಮತ್ತೆ ಹೊತ್ತಿಕೊಳ್ಳುವುದುಂಟು. ಕಾಯ್ದೆಯ ಕಡ್ಡಾಯ ಶಕ್ತಿ ತಪಾಸಣೆ ಹೆಚ್ಚು ಶಕ್ತಿ ಬಳಸುವ ದೊಡ್ಡ ಘಟಕಗಳಿಗೆ ಅನ್ವಯಿಸುವಂಥದ್ದು. ಡಿಪೊದಲ್ಲಿ ನಗದು ಕೊಟ್ಟು ತರುವ ಸೌದೆಗೆ ವಿದ್ಯುತ್ತಿನಂತೆ ಮೀಟರಾಗಲಿ ತಿಂಗಳ ಬಿಲ್ಲಾಗಲಿ ಇಲ್ಲದ ಕಾರಣ, ಸಣ್ಣ ಕಸುಬಿನ ಒಲೆಯಲ್ಲಿ ಎಷ್ಟು ಉಳಿಯಿತೆಂಬುದನ್ನು ಅರಿಯಲು ಒಲೆ ಕಟ್ಟುವವರು ಇಂದಿಗೂ ನಂಬುವುದು ತಕ್ಕಡಿಯನ್ನೇ.